ಸಾಹೇಬರ ಮುಂದೆ ನಾಲ್ಕು ಸಾಲು

ನನಗೆ ಉಗ್ಗು. ಲಿಂಗಸುಗೂರಿನ ಶಾಲೆಯಲ್ಲಿ ಉರ್ದುವಿನಲ್ಲಿ ಪಾಠ ನಡೆಯುವಷ್ಟು ದಿನ ಮನೆಯವರೆಲ್ಲ ತಪ್ಪನ್ನು ಉರ್ದುವಿನ ಮೇಲೆ ಹೊರಿಸಿ ನಿಶ್ಚಿಂತರಾಗಿದ್ದರು. "ನಮ್ದಲ್ಲದ ಮಾತು ಅದು, ಕೂಸಿನ ನಾಲಿಗಿ ಹೆಂಗ ತಿರುಗಬೇಕು?" ಎನ್ನುತ್ತಿದ್ದಳು ಅಜ್ಜಿ. ನಿಜಾಮರ ಆಳಿಕೆ ಮುಗಿದು ಶಾಲೆಗೆ ಕನ್ನಡ ಬಂತು. ಉಗ್ಗು ಮಾತ್ರ ಹೋಗಲಿಲ್ಲ. ಇನ್ನು ನೆಪವೂ ಇಲ್ಲವಲ್ಲ ಎಂಬ ದಿಗಿಲು ಬೇರೆ ಸೇರಿಕೊಂಡಿತು.

ಅಜ್ಜಿ ದಿನಾ ಬೆಳಗ್ಗೆ ಬಜೆ ಬೇರು ತೇಯ್ದು ನಾಲಿಗೆಗೆ ತಿಕ್ಕಿದಳು. ಕಣ್ಣಲ್ಲಿ ನೀರು ಬಂತೇ ಹೊರತು ಬಾಯಲ್ಲಿ ಮಾತು ಬರಲಿಲ್ಲ. ಅಪ್ಪನದು ಬಟ್ಟೆ ಅಂಗಡಿ. ಮಾತಾಡದವನು ಅಲ್ಲಿಗೂ ಬೇಡ. "ನಾಲ್ಕನೇ ಇಯತ್ತೆ ಪಾಸಾಗಲಿಲ್ಲಂದ್ರ ಸಂತೆಕಲ್ಲೂರಿಗೆ ನಿಮ್ಮ ಮಾವನ ಹೊಲಕ್ಕ ಕಳಿಸ್ತೀನಿ. ಎತ್ತಿನ ಮುಂದ ಉಗ್ಗಿದ್ರ ಯಾರೂ ನಗಂಗಿಲ್ಲ," ಎಂದ.

ಪಾಸಾಗಬೇಕಾದರೆ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಎದ್ದು ನಿಂತು ಓದಬೇಕು.

ನಮ್ಮ ಮಾಸ್ತರರು ಮಸ್ಕಿ ಕಡೆಯವರು, ಹೊಸದಾಗಿ ಬಂದವರು. ಎಲ್ಲರ ಜೊತೆ ಮಗ್ಗಿ ಕೂಗುವಾಗ ನಾನು ಉಗ್ಗುವುದಿಲ್ಲವೆಂದು ಗಮನಿಸಿದವರು ಅವರೇ. ಶಾಲೆ ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಪಾಠವನ್ನು ನನ್ನ ಜೊತೆ ತಾವೂ ಓದಿದರು. ವಾರ ಕಳೆದಂತೆ ದನಿ ತಗ್ಗಿಸಿದರು, ಕೊನೆಗೆ ಬರೀ ತುಟಿ ಆಡಿಸಿದರು. ಅವರ ತುಟಿ ನಿಂತರೆ ನಾನೂ ನಿಲ್ಲುತ್ತಿದ್ದೆ. "ನಿಂತ್ರ ನಿಲ್ಲಲಿ. ಅವಸರ ಯಾರಿಗದ?" ಎನ್ನುತ್ತಿದ್ದರು. ಅವರಿಗೇನು, ಹೊಲಕ್ಕೆ ಹೋಗುವವನು ನಾನು ಎಂದು ಒಳಗೇ ಕುದಿಯುತ್ತಿದ್ದೆ.

ಸಾಹೇಬರು ಬಂದೇಬಿಟ್ಟರು. ನಾಲ್ಕು ಸಾಲು ಓದು ಎಂದರು. ಮೂರನ್ನು ಹೇಗೋ ದಾಟಿದೆ. ನಾಲ್ಕನೆಯದರ ಮೊದಲ ಅಕ್ಷರ ಗಂಟಲಲ್ಲೇ ಕೂತಿತು. ಸಾಹೇಬರ ಹಿಂದೆ ನಿಂತಿದ್ದ ಮಾಸ್ತರರು ತುಟಿ ಆಡಿಸಲಿಲ್ಲ. ಕೈಬಿಟ್ಟರಲ್ಲ ಎಂದು ಅಳು ಬಂತು. ಸಾಹೇಬರು ಗಡಿಯಾರ ನೋಡಿ, "ಬಸ್, ಕೂಡ್ರು. ಮುಂದಿನವ," ಎಂದರು.

"ಸ್ವಲ್ಪ ತಡೀರಿ ಸಾಹೇಬ್ರ," ಎಂದರು ಮಾಸ್ತರರು. "ಅವನ ಓದು ಇನ್ನೂ ಮುಗದಿಲ್ಲ."

ಸಾಹೇಬರು ಅವರನ್ನು ದಿಟ್ಟಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕಾದು ಕೂತರು. ಎಷ್ಟು ಹೊತ್ತಾಯಿತೋ ತಿಳಿಯದು. ಅಕ್ಷರ ಬಂತು, ಅದರ ಹಿಂದೆ ಸಾಲೂ ಬಂತು. ಪಾಸಾದೆ.

ಸಾಹೇಬರು ಹೋದ ಮೇಲೆ ಮಾಸ್ತರರು ನೀರು ಕೇಳಿದರು. ನಾನು ಕೊಟ್ಟ ತಂಬಿಗೆಯನ್ನು ಬರಿದು ಮಾಡಿ ಇನ್ನೊಂದು ಕೇಳಿದರು. ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದು, "ನೌಕರಿ ಇನ್ನೂ ಕಾಯಂ ಆಗಿಲ್ಲ ನಿಮ್ದು. ಕಾಯಂ ಮಾಡೋ ಸಾಹೇಬ್ರಿಗೇ ತಡೀರಿ ಅಂತೀರಲ್ರೀ?" ಎಂದು ಹರಿಹಾಯ್ದರು.

ಮಾಸ್ತರರು ಏನೋ ಹೇಳಹೋದರು, ಮಾತು ಹೊರಡಲಿಲ್ಲ. ಅವರು ಹೇಳಿ ಮುಗಿಸುವ ತನಕ ನಾನು ಅಲ್ಲಿಂದ ಕದಲಲಿಲ್ಲ.