ಕೌನ್ ಎಂದರೆ ಊಟ

ಕೀಂ ಕೀಂ ಕೀಂ ಎಂದು ಹೊಗೆಯ ಅಲಾರಂ ಮತ್ತೆ ಅರಚಿತು. ಜುರ್ಮಿನಾ ಕುರ್ಚಿ ಹತ್ತಿ, ಕೈಗೆ ಸಿಕ್ಕ ಕಾಗದದಿಂದ ಅದಕ್ಕೆ ಗಾಳಿ ಹಾಕಿದಳು. ಬಾಣಲೆಯಲ್ಲಿ ತೆಂಗಿನಕಾಯಿ ಇದ್ದಿಲಾಗುತ್ತಿತ್ತು. ಅದು ಇದ್ದಿಲಾಗದೆ ತೌಸುಗರ ಕರಿ ಸಾರು ಕರಿಯಾಗುವುದಿಲ್ಲ. ಸ್ವೀಡನ್ನಿನ ಅಲಾರಮ್ಮಿಗೆ ಇಷ್ಟು ವರ್ಷವಾದರೂ ಇದು ತಿಳಿದಿಲ್ಲ.

ಜುರ್ಮಿನಾ ಫಿಲಿಪ್ಪೀನ್ಸಿನ ದಕ್ಷಿಣ ತುದಿಯ ಸುಲು ದ್ವೀಪದವಳು. ಅಲ್ಲಿಯ ಜನ ತೌಸುಗರು, ಮಾತು ತೌಸುಗ್. ಊರು ಕೇಳಿದವರಿಗೆ ಮೊದಮೊದಲು ಭೂಪಟ ಬಿಚ್ಚಿ ತೋರಿಸುತ್ತಿದ್ದಳು. ಮಡಿಕೆ ಸರಿಯಾಗಿ ಅವಳ ದ್ವೀಪದ ಮೇಲೆಯೇ ಬಿದ್ದು ಸವೆದುಹೋದ ಮೇಲೆ ಬಿಟ್ಟಳು. ಈಗ ಅರವತ್ತರ ಹತ್ತಿರ. ಸ್ಟಾಕ್‌ಹೋಮ್ ಹೊರವಲಯದ ಒಂದು ಶಿಶುವಿಹಾರದ ಅಡುಗೆಯವಳು. ಇಪ್ಪತ್ತು ವರ್ಷ ಆಲೂಗಡ್ಡೆ ಬೇಯಿಸಿದವಳಿಗೆ ಉಳಿದ ಆಸೆ ಒಂದೇ: ಯಾರಾದರೂ ತನ್ನನ್ನು ‘ಗುರು’ ಅನ್ನಬೇಕು. ತೌಸುಗ್‌ನಲ್ಲೂ ಮೇಷ್ಟರು ಎಂದರೆ ಗುರುವೇ.

ಐದು ಮಕ್ಕಳು ಸಿಕ್ಕರೆ ಕಮ್ಯೂನಿನವರು, ಅಂದರೆ ಅಲ್ಲಿಯ ನಗರಸಭೆಯವರು, ತೌಸುಗ್ ತಾಯ್ನುಡಿ ತರಗತಿ ತೆರೆದು ಅವಳನ್ನೇ ಕಲಿಸಲು ಕರೆಯುವವರಿದ್ದರು. ನಾಲ್ವರಿದ್ದರು. ಐದನೆಯವನು ಅಪ್ಪ ಅಮ್ಮನ ಜೊತೆ ಕಾರ್ಲ್‌ಸ್ಟಾಡ್‌ಗೆ ಹೊರಟುಹೋದ. ಅರ್ಜಿ ಕೊಡಲು ಇಂದೇ ಕಡೆಯ ದಿನ. ಗಾಳಿ ಹಾಕಲು ಸಿಕ್ಕಿದ್ದು ಆ ಐದನೆಯ ಖಾಲಿ ಅರ್ಜಿಯೇ.

ಅಲಾರಂ ಕೇಳಿ ಕೆಳಮನೆಯ ರಾಮದಾಸ ಓಡಿಬಂದ. ಹಿಂದೆಯೇ ಹೆಂಡತಿ ನಳಿನಿ, ಆರು ವರ್ಷದ ರಿಯಾ. ಬೆಂಗಳೂರಿನವರು. ಅವರು ಆಫೀಸಿನಿಂದ ಬರುವ ತನಕ ರಿಯಾ ಮೂರು ವರ್ಷ ಈ ಅಡುಗೆಮನೆಯಲ್ಲೇ ಬೆಳೆದಿದ್ದಳು.

“ಬೆಂಕಿಯಲ್ಲ, ಸಾರು,” ಎಂದು ಜುರ್ಮಿನಾ ಸ್ವೀಡಿಷ್‌ನಲ್ಲಿ ಹೇಳಿ ಕೆಳಗಿಳಿದಳು. “ರಾಮದಾಸ್, ನಿನ್ನ ಮಗಳನ್ನು ಕಡ ಕೊಡು.”

ಒಂದು ಲೋಟ ಸಕ್ಕರೆ ಕೇಳಿದಷ್ಟೇ ಸಲೀಸಾಗಿ ಕೇಳಿ ಅರ್ಜಿ ಚಾಚಿದಳು. ‘ಮಗುವಿನೊಂದಿಗೆ ಮನೆಯಲ್ಲಿ ದಿನವೂ ಈ ಭಾಷೆ ಆಡುತ್ತೇವೆ’ ಎಂಬಲ್ಲಿ ಸಹಿ ಬೇಕಿತ್ತು.

ರಾಮದಾಸ ಹೆಂಡತಿಯತ್ತ ತಿರುಗಿದ. “ಏನೇ ಇದು, ಸುಳ್ ಸೈನ್ ಮಾಡೋದಾ? ಇಲ್ಲಿ ಕನ್ನಡಕ್ಕೇ ಮೂರ್ ಮಕ್ಳು ಸಿಕ್ಕಿಲ್ಲ. ಮೊದ್ಲೇ ಇವ್ಳು ಎಲ್ಲಿಂದ್ಲೋ ಹಿಂದಿ ಬೇರೆ ಕಲ್ತಿದ್ದಾಳೆ!”

“ಹಿಂದಿನಾ? ಯಾವಾಗ್ರೀ?”

“ದಿನಾ ಸಂಜೆ ‘ಕೌನ್, ಕೌನ್’ ಅಂತಾಳಲ್ಲ! ಯಾರು, ಯಾರು ಅಂತ. ‘ಡ್ಯಾಡಿ ಪುಟ್ಟಾ, ಡ್ಯಾಡಿ’ ಅಂತ ಹೇಳಿ ಹೇಳಿ ಸಾಕಾಗೋಯ್ತು ನಂಗೆ.”

ನಳಿನಿ ಬಾಗಿಲಿಗೆ ಒರಗಿ ನಕ್ಕಳು. “ಅಯ್ಯೋ, ಅದು ಹಸಿವು ಕಣ್ರೀ! ಇವ್ರ ಭಾಷೇಲಿ ಕೌನ್ ಅಂದ್ರೆ ಊಟ ಮಾಡೋದು. ಮಗು ಅನ್ನ ಕೇಳ್ತಿದ್ರೆ ನೀವು ಪರಿಚಯ ಮಾಡ್ಕೋತಾ ಕೂತಿದ್ರಾ?”

“ನಿಂಗ್ ಹೇಗ್ ಗೊತ್ತು?”

“ನಾನೂ ‘ಕೌನ್ ನಾ’ ಅಂತ್ಲೇ ತಟ್ಟೆ ಇಡೋದು. ಕನ್ನಡದಲ್ಲಿ ಕರೆದ್ರೆ ಬರಲ್ಲ ಅವ್ಳು.”

ಜುರ್ಮಿನಾಳಿಗೆ ಅರ್ಥವಾದದ್ದು ‘ಕೌನ್’ ಒಂದೇ. ಅಷ್ಟು ಸಾಕಿತ್ತು. ಪೆನ್ನನ್ನು ನಳಿನಿಯ ಕೈಗೆ ತುರುಕಿದಳು. “ದಿನವೂ?”

“ದಿನವೂ,” ಎಂದು ಸ್ವೀಡಿಷ್‌ನಲ್ಲಿ ಒಪ್ಪಿಕೊಂಡು, ಮಸಿಯ ಬೆರಳಚ್ಚುಗಳ ನಡುವೆ ಜಾಗ ಹುಡುಕಿ ನಳಿನಿ ಸಹಿ ಹಾಕಿದಳು.

ರಾಮದಾಸ ತಲೆ ಮೇಲೆ ಕೈ ಹೊತ್ತ. “ಏನ್ ಗುರೂ ಇದು!”

ಜುರ್ಮಿನಾ ಗಕ್ಕನೆ ನಿಂತಳು. “ಏನಂದೆ? ಗುರು?”

“ಅಯ್ಯೋ, ನಿಮಗಲ್ಲ,” ರಾಮದಾಸ ಸ್ವೀಡಿಷ್‌ಗೆ ಹೊರಳಿದ. “ಬೆಂಗಳೂರಲ್ಲಿ ಸುಮ್ಮನೆ ಹಾಗೆ ಅನ್ನುತ್ತೇವೆ. ಆ ಪದದ ಮೂಲ ನೋಡಿದರೆ...”

ಅವಳು ಕೋಟು ತೊಟ್ಟು, ಅರ್ಜಿ ಮಡಚಿ, ಸೌಟನ್ನು ಅವನ ಕೈಗಿತ್ತಳು.

“...ಸಂಸ್ಕೃತದಿಂದ ಕನ್ನಡಕ್ಕೆ ಬಂದು, ಆಮೇಲೆ...”

ಜುರ್ಮಿನಾ ಆಗಲೇ ಮೆಟ್ಟಿಲಿಳಿದು ಬಸ್ಸಿನತ್ತ ನಡೆದಿದ್ದಳು.