ಅತ್ತೆಯ ಜರಿಹುಳದ ನೋಟು

ನಾಣ್ಯವೇ ಸಿಗದಿದ್ದ ಆ ಬೇಸಿಗೆಯಲ್ಲಿ ಏನೇನು ಕೆಡಬಹುದಿತ್ತು ಎಂಬ ಪಟ್ಟಿ ನನಗೆ ಈಗಲೂ ಬಾಯಿಪಾಠ. ಪೊಲೀಸರು ಬಂದು ಅತ್ತೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಬಹುದಿತ್ತು. ಇಲಿಗಳು ನೋಟು ತಿನ್ನಬಹುದಿತ್ತು. ನನಗಿಂತ ಚೆನ್ನಾಗಿ ಮೆಣಸಿನ ಬಳ್ಳಿ ಬರೆಯುವವರು ಹುಟ್ಟಿಕೊಳ್ಳಬಹುದಿತ್ತು. ಮುತ್ತಂಗದ ಕಾಡಿನಲ್ಲಿ ಆನೆ ಅಡ್ಡ ನಿಂತು ಬಸ್ಸು ತಡೆಯಬಹುದಿತ್ತು. ಚೀಲದ ಹೊಲಿಗೆ ಬಿಚ್ಚಬಹುದಿತ್ತು. ಎಲ್ಲಕ್ಕಿಂತ ಭಯಂಕರವೆಂದರೆ, ಅತ್ತೆಗೆ ನೆಗಡಿಯಾಗಬಹುದಿತ್ತು. ಹತ್ತು ವರ್ಷದ ಹುಡುಗಿಗೆ ಇಷ್ಟು ಚಿಂತೆ ಎಲ್ಲಿಂದ ಬಂತು ಎನ್ನಬೇಡಿ. ಅದು ಅಪ್ಪನ ಕಡೆಯ ಆಸ್ತಿ. ಗದ್ದೆಯನ್ನು ಎಲ್ಲರೂ ಹಂಚಿಕೊಂಡರು, ಇದನ್ನು ಪೂರ್ತಿ ನನಗೇ ಬಿಟ್ಟರು.

ನಮ್ಮದು ಸುಲ್ತಾನ್ ಬತ್ತೇರಿಯಿಂದ ಒಳಗೆ, ಗದ್ದೆಗಳ ನಡುವಿನ ಊರು. ಶಾಲೆಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ಅಪ್ಪನ ಅಕ್ಕ, ಅಂದರೆ ನಮ್ಮತ್ತೆ, ಅಕ್ಕಿ ಮಿಲ್ಲು ನಡೆಸುತ್ತಿದ್ದರು. ಆ ವರ್ಷ ಚಿಲ್ಲರೆ ಯಾವ ಭೂಮಿಯೊಳಗೆ ಇಳಿದು ಹೋಯಿತೋ. ಬಸ್ಸಿನಲ್ಲಿ ಬಾಕಿಗೆ ಪೆಪ್ಪರಮಿಂಟು ಕೊಡುತ್ತಿದ್ದರು, ಚಹಾದಂಗಡಿಯಲ್ಲಿ ಇನ್ನೊಂದು ಬೋಂಡ. ಅತ್ತೆಯ ಬಳಿ ಬಾಕಿಗೆ ಕೊಡಲು ಇದ್ದದ್ದು ತೌಡೊಂದೇ. ಹಸುವಿಲ್ಲದವರು ತೌಡು ತೆಗೆದುಕೊಂಡು ಏನು ಮಾಡಬೇಕು?

ಒಂದು ಮಧ್ಯಾಹ್ನ ಅತ್ತೆ ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಹರವಿಕೊಂಡು ಕುಳಿತು, ಅಚ್ಚಿಲ್ಲದ ಭಾಗವನ್ನು ಅಂಗೈಯಗಲ ಕತ್ತರಿಸಿದರು. ಮೇಲೆ ಮಿಲ್ಲಿನ ಮೊಹರು, ಕೆಳಗೆ ‘ಅರ್ಧ ರೂಪಾಯಿ’ ಎಂಬ ಬರಹ, ನಡುವೆ ಚಿತ್ರ. ಚಿತ್ರದ ಕೆಲಸ ನನ್ನದು. ಮೆಣಸಿನ ಬಳ್ಳಿ ಬರೆ ಎಂದರು, ಬರೆದೆ. ನೋಡಿದವರಿಗೆಲ್ಲ ಅದು ಮೈತುಂಬ ಕಾಲಿರುವ ಜರಿಹುಳದಂತೆ ಕಂಡಿತು. ನೋಟಿಗೆ ಅದೇ ಹೆಸರು ನಿಂತಿತು.

ಅಪ್ಪ ಬಾಗಿಲಲ್ಲೇ ನಿಂತು ಬೆವರಿದರು. “ಅಕ್ಕಾ, ನೋಟು ಮಾಡೋದು ಸರ್ಕಾರದ ಕೆಲ್ಸ. ಜೈಲಿಗೆ ಹಾಕ್ತಾರೆ.”

“ಇದು ನೋಟಲ್ಲ ಕಣೋ, ಚೀಟಿ. ಹಾಕಿದ್ರೆ ಹಾಕ್ಲಿ, ಅಲ್ಲಾದ್ರೂ ಯಾರಾದ್ರೂ ಬೇಯ್ಸಿ ಬಡಿಸ್ತಾರೆ.”

“ಬೇರೆಯವ್ರೂ ಹಿಂಗೇ ಬರ್ಕೊಂಡ್ರೆ?” ಎಂದೆ ನಾನು.

“ನಿನ್ನಷ್ಟು ಕೆಟ್ಟದಾಗಿ ಬರೆಯೋಕೆ ಯಾರಿಗಾಗುತ್ತೆ ಪದ್ದು?”

ಹಾಗೆಂದರೂ ಅತ್ತೆಗೆ ಬೇರೆ ಉಪಾಯ ಗೊತ್ತಿತ್ತು. ನೋಟುಗಳನ್ನು ಪತ್ತಾಯದೊಳಗೆ, ಅಕ್ಕಿ ತುಂಬಿಡುವ ಆ ದೊಡ್ಡ ಮರದ ಪೆಟ್ಟಿಗೆಯಲ್ಲಿ, ಗಂಧಕಸಾಲೆ ಅಕ್ಕಿಯಡಿ ಹೂತಿಟ್ಟರು. ಗಂಧಕಸಾಲೆ ಬೆಂದರೆ ಉಂಡು ಕೈತೊಳೆದ ನೆರೆಮನೆಯವರಿಗೂ ಮತ್ತೆ ಹಸಿವಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಆ ಘಮ ಕಾಗದಕ್ಕೆ ಹತ್ತಿತು. ಘಮವಿದ್ದರೆ ನೋಟು, ಇಲ್ಲದಿದ್ದರೆ ಬರೀ ಕಾಗದ. ಊರವರೆಲ್ಲ ದುಡ್ಡನ್ನು ಮೂಗಿಗೆ ಹಿಡಿದು ಪರೀಕ್ಷಿಸತೊಡಗಿದರು. ನಮಗೂ ಹೊಸ ಆಟ ಸಿಕ್ಕಿತು: ಕಣ್ಣು ಕಟ್ಟಿಸಿಕೊಂಡು, ಕಾಗದದ ಚೂರುಗಳ ನಡುವೆ ಜರಿಹುಳವನ್ನು ಮೂಸಿ ಹುಡುಕುವುದು. ಮಿಲ್ಲಿನೆದುರು ಚಹಾದಂಗಡಿ ಇಟ್ಟಿದ್ದ ಏಲಿ ಚೇಡತ್ತಿ ಎಂಬ ಕ್ರೈಸ್ತ ಹೆಂಗಸೂ ಅದಕ್ಕೆ ಬೋಂಡ ಕೊಡಲು ಒಪ್ಪಿದ ಮೇಲೆ ಅತ್ತೆಯ ನೋಟು ಊರೆಲ್ಲ ಸುತ್ತಿತು. ಒಂದೊಂದು ನೋಟು ಗಂಧಕಸಾಲೆ, ಬೋಂಡದೆಣ್ಣೆ ಎರಡರ ಪರಿಮಳವನ್ನೂ ಹೊತ್ತು ಮಿಲ್ಲಿಗೆ ಮರಳುತ್ತಿತ್ತು.

ಅಷ್ಟರಲ್ಲಿ ಕಕ್ಕೆ ಹೂಬಿಟ್ಟಿತು, ವಿಷು ಹತ್ತಿರ ಬಂತು. ವಿಷುವಿನ ಬೆಳಿಗ್ಗೆ ಹಿರಿಯರು ಮಕ್ಕಳ ಅಂಗೈಗೆ ನಾಣ್ಯ ಇಡಬೇಕು. ಅದೇ ಕೈನೀಟ್ಟ. ಹಬ್ಬದ ಹಿಂದಿನ ದಿನ ನೋಟು ತಂದವರಿಗೆಲ್ಲ ನಾಣ್ಯ ಎಣಿಸಿಕೊಡುತ್ತೇನೆ ಎಂದು ಅತ್ತೆ ಮಾತು ಕೊಟ್ಟುಬಿಟ್ಟರು. ಮಾತು ತಪ್ಪಿದರೆ ಯಾರು ತಾನೆ ಇನ್ನು ಭತ್ತ ತಂದಾರು? ಅಪ್ಪ ಊಟ ಬಿಟ್ಟರು. ನಾನೂ ಬಿಡುತ್ತಿದ್ದೆ, ಆದರೆ ಅಂದು ಹಲಸಿನ ಹಣ್ಣಿನ ಕಡುಬಿತ್ತು.

ಗುಂಡ್ಲುಪೇಟೆಯಲ್ಲಿ ಹೂವಿನ ಅಂಗಡಿಯಿಟ್ಟಿದ್ದ ನೆಂಟರ ಬಳಿ ಚಿಲ್ಲರೆಯಿತ್ತು. ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ಬರುವಾಗ ನಾಣ್ಯದ ಚೀಲ, ಮೇಲೆ ಬದನೆಕಾಯಿ ಹೊದ್ದುಕೊಂಡು, ನನ್ನ ಕಾಲುಗಳ ನಡುವೆ ಕುಳಿತಿತ್ತು. ಕಾಡಿನಲ್ಲಿ ಆನೆಯೇನೋ ಇತ್ತು. ನಮಗೆ ಬೆನ್ನು ತೋರಿಸಿ ಮೇಯುತ್ತಿತ್ತು. ಚೆಕ್‌ಪೋಸ್ಟಿನಲ್ಲಿ ಒಬ್ಬಾತ ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ.

“ಇದೇನಮ್ಮ, ಕಲ್ಲಾ?”

“ನಮ್ಮೂರ ಮಕ್ಕಳ ವಿಷು,” ಎಂದರು ಅತ್ತೆ. ಆತ ನಕ್ಕು ಕೆಳಗಿಳಿದ.

ಮರುದಿನ ಮಿಲ್ಲಿನ ಮುಂದೆ ಸಾಲು ನಿಂತಿತು. ನಾನು ಅತ್ತೆಯ ಮೂಗನ್ನೇ ನೋಡುತ್ತಿದ್ದೆ, ಸೀನಲಿಲ್ಲ. ಮೊದಲು ಬಂದವರು ಏಲಿ ಚೇಡತ್ತಿ, ಮುಷ್ಟಿ ತುಂಬ ಜರಿಹುಳ ಹಿಡಿದು. ಅತ್ತೆ ಒಂದೊಂದನ್ನೂ ಮೂಸಿ ನಾಣ್ಯ ಎಣಿಸಿಟ್ಟರು. ಚೇಡತ್ತಿ ನಾಣ್ಯಗಳನ್ನು ನೋಡಿದರು, ಚೀಲದೊಳಗೂ ಇಣುಕಿದರು.

“ಇದೆ ಅಲ್ವಾ ಚೇಚೀ? ಮತಿ, ಅಷ್ಟು ಸಾಕು. ಇದನ್ನ ನೀವೇ ಇಟ್ಕೊಳಿ, ನಂಗೆ ಜರಿಹುಳಾನೇ ಕೊಡಿ.”

“ನಾಣ್ಯ ಬೇಡ್ವಾ? ಇದಕ್ಕೇ ಗುಂಡ್ಲುಪೇಟೆ ತನಕ ಹೋಗಿ ಬಂದೆ.”

“ನಮ್ಗೆ ವಿಷು ಇಲ್ಲ. ಅಂಗಡಿ ಮುಂದೆ ಬರೋ ಪಿಳ್ಳೆಗಳಿಗೆ ಇದೆಯಲ್ಲ, ಅವು ಕೇಳೋದು ಇದನ್ನೇ. ನಾಣ್ಯ ಮೂಸಿದ್ರೆ ಏನು ಸಿಗುತ್ತೆ?”

ಹಿಂದಿನವರೂ ಅದೇ ರಾಗ ಹಾಡಿದರು. ಮನೆಯಲ್ಲಿ ಅಡಗಿಸಿಟ್ಟಿದ್ದ ನಾಣ್ಯಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಇದಕ್ಕೂ ಜರಿಹುಳ ಕೊಡಿ ಎಂದವರೂ ಇದ್ದರು. ಸಂಜೆಗೆ ಚೀಲ ತಂದದ್ದಕ್ಕಿಂತ ಭಾರವಾಗಿತ್ತು, ಪತ್ತಾಯದಲ್ಲಿ ಅಕ್ಕಿ ಮಾತ್ರ ಉಳಿದಿತ್ತು. ಅಪ್ಪ ಮೂರು ಸಲ ಅನ್ನ ಹಾಕಿಸಿಕೊಂಡರು.

ಮಳೆಗಾಲ ಮುಗಿಯುವಷ್ಟರಲ್ಲಿ ಚಿಲ್ಲರೆ ತಾನಾಗಿಯೇ ಮರಳಿ ಬಂತು. ಮಿಲ್ಲಿಗೆ ಹಿಂದಿರುಗಿದ ನೋಟುಗಳನ್ನು ಅತ್ತೆ ಹಂಡೆಯ ಒಲೆಗೆ ಹಾಕಿದರು; ಕೆಲವು ದಿನ ಸ್ನಾನದ ನೀರಿಗೂ ಅನ್ನದ ಘಮವಿತ್ತು. ಈಗ ಅತ್ತೆಯಿಲ್ಲ, ಮಿಲ್ಲಿಲ್ಲ, ಗಂಧಕಸಾಲೆ ಬೆಳೆಯುತ್ತಿದ್ದ ಗದ್ದೆಯಲ್ಲಿ ಬಾಳೆ ನಿಂತಿದೆ. ಅಂಗಡಿಯಲ್ಲಿ ಫೋನು ತೋರಿಸಿದರೆ ಸಾಕು, ದುಡ್ಡು ಬಂತೆಂದು ಪೆಟ್ಟಿಗೆಯೊಂದು ಕೂಗಿ ಹೇಳುತ್ತದೆ. ಕೂಗಿದ ಮೇಲೂ ನಿಜವಾಗಿ ಬಂತೇ ಎಂದು ಎರಡು ಸಲ ಕೇಳುವವಳು ನಾನು. ಮೂಸಿ ನೋಡಲು ಏನೂ ಇಲ್ಲವಲ್ಲ.

ಅಂದು ನನ್ನ ಪಟ್ಟಿಯಲ್ಲಿದ್ದ ಒಂದೂ ನಡೆಯಲಿಲ್ಲ. ನಡೆದದ್ದು ಪಟ್ಟಿಯಲ್ಲೇ ಇರಲಿಲ್ಲ. ವಿಷುವಿನ ಬೆಳಿಗ್ಗೆ ಕಣ್ಣು ಮುಚ್ಚಿ ಅತ್ತೆಯ ಮುಂದೆ ಕೈ ಚಾಚಿದೆ. ಅಂಗೈಗೆ ಬಿದ್ದದ್ದು ತಣ್ಣಗಿತ್ತು.

“ಒಂದೂ ಉಳೀಲಿಲ್ಲ ಮಗಾ,” ಎಂದರು ಅತ್ತೆ. “ಇದನ್ನೇ ಇಟ್ಕೋ.”

ಹೊರಗೆ ಊರ ಮಕ್ಕಳೆಲ್ಲ ನಾನು ಬರೆದ ಜರಿಹುಳವನ್ನು ಮೂಗಿಗೆ ಹಿಡಿದು ಓಡಾಡುತ್ತಿದ್ದರು. ಸರ್ಕಾರದ ದುಡ್ಡು ಸಿಕ್ಕಿದ್ದು ನನ್ನೊಬ್ಬಳಿಗೆ.