ಎರಡಾದ ಮೇಲೆ ಹತ್ತು

ಸುಧಾಮಣಿಯ ಹೆಸರು ಯಾವ ಪೇಪರಿನಲ್ಲೂ ಬಂದಿಲ್ಲ. ಬರಬೇಕು ಎಂಬುದು ನನ್ನ ವಾದ. ಅಲ್ಲ ಎನ್ನುವವರು ಶ್ರೀನಗರದ ನಮ್ಮ ಮನೆಗೆ ಬಂದು ಜಗಳವಾಡಬಹುದು, ಕಾಫಿಯನ್ನೂ ಕೊಡುತ್ತೇನೆ.

ಬಿಟಿಎಂ ಲೇಔಟಿನ ಸಣ್ಣ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುವ ಕೆಲಸ ಆಕೆಯದು. ಭಾನುವಾರ ಮಾತ್ರ ಗೊಟ್ಟಿಗೆರೆಯ ಮನೆಯಿಂದ ಬಸ್ಸು ಹತ್ತಿ ಜಯನಗರಕ್ಕೆ ಬರುತ್ತಾಳೆ. ಅಲ್ಲಿ ನಮ್ಮದೊಂದು ಗುಂಪಿದೆ. ಕಣ್ಣು ಕಾಣದವರಿಗಾಗಿ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡುತ್ತೇವೆ. ಅದನ್ನು ಕೇಳಿಸುವ ಮೊಬೈಲ್ ಆಪ್ ಸುಧಾಮಣಿಯದು, ಪೂರ್ತಿ ಬಿಟ್ಟಿ ಚಾಕರಿ.

ಮರುಳಸಿದ್ದಪ್ಪನೆಂಬ ನಾನು ಇತಿಹಾಸ ಓದುವವನು. ಕೇಳುವವಳು ಜ್ಯೋತ್ಸ್ನಾ, ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಬಿ.ಎ. ಮುಗಿಸಲು ಇತಿಹಾಸದ ಪೇಪರೊಂದೇ ಬಾಕಿ, ಇದೇ ಕೊನೆಯ ಅವಕಾಶ. ಪರೀಕ್ಷೆ ಹತ್ತಿರ ಬಂದಾಗ ಫೋನ್ ಮಾಡಿ ರೇಗಿದಳು.

“ಏನ್ ಸಾರ್ ಇದು? ರಾಜ ಒಂದನೇ ಪಾಠದಲ್ಲಿ ಹುಟ್ತಾನೆ, ಆಮೇಲೆ ಸೀದಾ ಸಾಯ್ತಾನೆ, ಸತ್ತ ಮೇಲೆ ಪಟ್ಟಕ್ಕೆ ಬರ್ತಾನೆ! ನನ್ ತಲೆ ಕೆಟ್ಟೋಯ್ತು.”

ಆಗಿದ್ದಿಷ್ಟು. ನಾವು ರೆಕಾರ್ಡಿಂಗಿಗೆ ಬರೆದಿಟ್ಟ ಪಾಠಗಳ ಹೆಸರನ್ನು ಆಪ್ ನಿಘಂಟಿನ ಹಾಗೆ ಒಂದೊಂದೇ ಅಕ್ಷರ ನೋಡಿ ಜೋಡಿಸುತ್ತಿತ್ತು. ಹತ್ತರ ಮೊದಲಲ್ಲಿ ಒಂದು ಕಂಡಿದ್ದೇ ತಡ, ‘ಪಾಠ ೧೦’ನ್ನು ‘ಪಾಠ ೨’ಕ್ಕಿಂತ ಮುಂಚೆ ಕೂರಿಸಿಬಿಡುತ್ತಿತ್ತು.

ಮುಂದಿನ ಭಾನುವಾರ ಗುಂಪಿನ ಉಸ್ತುವಾರಿ ಪ್ರಮೋದ್ ಕಾನೂನು ತಂದ: “ಎಲ್ರೂ ಮೊದ್ಲು ಸೊನ್ನೆ ಹಾಕಿ, 01, 02 ಅಂತ ಬರೀರಿ, ಆಗ ಹತ್ತು ಹಿಂದಕ್ಕೆ ಹೋಗುತ್ತೆ. ಸಾರ್, ನೀವು ಆ ಕನ್ನಡ ಅಂಕಿ ಬಿಟ್ಬಿಡಿ.”

ನನಗೆ ಮೈ ಉರಿಯಿತು. “ಕನ್ನಡ ಪುಸ್ತಕಕ್ಕೆ ಕನ್ನಡ ಅಂಕಿ ಬೇಡ್ವೇನಯ್ಯಾ? ಸೊನ್ನೆಯಿಂದ ಶುರು ಮಾಡೋದು ಯಾವೂರ ಲೆಕ್ಕ?”

“ಇರ್ಲಿ ಬಿಡಿ ಪ್ರಮೋದ್,” ಎಂದಳು ಸುಧಾಮಣಿ. “ಜನ ಬರೆಯೋ ಹಾಗೇ ಬರೀಲಿ. ಓದೋದನ್ನ ಮೆಷಿನ್ ಕಲೀಬೇಕು.”

ಅಲ್ಲೇ ಲ್ಯಾಪ್‌ಟಾಪ್ ತೆಗೆದಳು. ಹೆಸರಿನಲ್ಲಿ ಅಕ್ಷರ ಬೇರೆ, ಅಂಕಿ ಬೇರೆ ಮಾಡಿ, ಅಂಕಿಯನ್ನು ಇಡೀ ಸಂಖ್ಯೆಯಾಗಿ ಹೋಲಿಸುವಂತೆ ಬರೆದಳು. ಬೇರೆಯವರ ಪುಸ್ತಕಗಳೆಲ್ಲ ಸಾಲಾಗಿ ನಿಂತವು. ನನ್ನ ಇತಿಹಾಸ ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಕನ್ನಡ ಅಂಕಿ ಅಂಕಿಯೆಂದೇ ಆ ಪ್ರೋಗ್ರಾಮಿಗೆ ಗೊತ್ತಿರಲಿಲ್ಲ. ಜ್ಯೋತ್ಸ್ನಾಳ ನೆನಪಾಗಿ ನನ್ನ ಹಟ ಇಳಿಯಿತು.

“ಬೇಡಮ್ಮ, ನಾನೇ ಬದಲಾಯಿಸ್ತೀನಿ.”

“ಸುಮ್ನಿರಿ ಸಾರ್, ನಿಮ್ಮಂಥೋರು ಇನ್ನೂ ಎಷ್ಟು ಜನ ಬರ್ತಾರೋ!” ಎಂದು ನಕ್ಕು, ೧ ಎಂದರೆ ಒಂದು ಎಂಬುದನ್ನೂ ಅದಕ್ಕೆ ಕಲಿಸತೊಡಗಿದಳು. ಅವಳಿಗೆ ತಂದಿಟ್ಟ ಉಪ್ಪಿಟ್ಟು ತಟ್ಟೆಯಲ್ಲೇ ಆರಿತು. ಅವಳು ಏಳುವ ಹೊತ್ತಿಗೆ ‘ಪಾಠ ೧೦’ ಒಂಬತ್ತರ ನಂತರ ತೆಪ್ಪಗೆ ಕೂತಿತ್ತು. ಅಬ್ಬಾ, ಯಾರ ಮೇಲೂ ತಪ್ಪು ಹೊರಿಸದೆ ತಪ್ಪು ತಿದ್ದುವವರನ್ನು ನಾನು ಹೆಚ್ಚು ಕಂಡಿಲ್ಲ. ನನಗಿಂತ ಎಷ್ಟೋ ಚಿಕ್ಕವಳು, ಆದರೂ ಅವಳ ಮುಂದೆ ಎದ್ದು ನಿಲ್ಲಬೇಕು ಅನ್ನಿಸಿತು.

ಫಲಿತಾಂಶದ ದಿನ ಜ್ಯೋತ್ಸ್ನಾ ಫೋನಿನಲ್ಲಿ ಕಿರುಚಿದಳು: “ಪಾಸಾದೆ ಸಾರ್! ಈ ಸಲ ರಾಜ ಆಳಿದ ಮೇಲೇ ಸತ್ತ!”

ಕೂಡಲೇ ಸುಧಾಮಣಿಗೆ ಫೋನ್ ಹಚ್ಚಿ ಆ ಮಾತನ್ನು ಹಾಗೇ ಒಪ್ಪಿಸಿದೆ. ಮನೆಗೆ ಹೋಗುವ ಬಸ್ಸಿನಲ್ಲಿದ್ದಳು. ಮೊದಲು ಜೋರಾಗಿ ನಕ್ಕಳು. ಆಮೇಲೆ ಮೂಗು ಎಳೆದುಕೊಂಡಿದ್ದು ಕೇಳಿಸಿತು.

“ಸ್ಟಾಪ್ ಬಂತು ಸಾರ್, ಇಳೀತೀನಿ,” ಎಂದು ಫೋನ್ ಇಟ್ಟಳು.

ಅವಳು ಇಳಿಯಬೇಕಾದ ಗೊಟ್ಟಿಗೆರೆ ಇನ್ನೂ ಬಹಳ ದೂರವಿತ್ತು. ಕಂಡಕ್ಟರ್ ಆಗಷ್ಟೇ ಬಿಟಿಎಂ ಎಂದು ಕೂಗಿದ್ದು ನನಗೂ ಕೇಳಿಸಿತ್ತು.